ಸಮುದಾಯ ಮಾನಸಿಕ ಆರೋಗ್ಯ ಸಂಶೋಧನೆ

ಮನೋವ್ಯಾಧಿಗಳ ವ್ಯಾಪ್ತಿ, ಕಾರಣ ಹಾಗೂ ಚಿಕಿತ್ಸಾಕ್ರಮಗಳನ್ನು ಆಸ್ಪತ್ರೆಯ ಪ್ರಾಕಾರದ ಹೊರಗೆ, ಜನಜೀವನದ ಮಧ್ಯದಲ್ಲಿಯೇ ಪರಿಶೀಲಿಸುವ, ಮನೋವೈದ್ಯಕ್ಕೂ ಸಾರ್ವಜನಿಕ ಆರೋಗ್ಯಶಾಸ್ತ್ರಕ್ಕೂ ಸಮಾನವಾಗಿ ಸೇರಿದ ಅಧ್ಯಯನಶಾಖೆ. 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಬೆಂಗಳೂರಿನ ಮಾನಸಿಕ ಆಸ್ಪತ್ರೆಯೂ 1974ರಲ್ಲಿ ಒಂದುಗೂಡಿ ನಿಮ್ಹಾನ್ಸ್ ಎನಿಸಿದ ತರುವಾಯ, ನಗರದ ಸಮೀಪದ ಸಕಲವಾರದಲ್ಲಿ ಗ್ರಾಮೀಣ ಪ್ರಯೋಗಗಳು ನಡೆದು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೂ ಕಾರ್ಯಕರ್ತರೂ ಅಲ್ಪಾವಧಿಯ ಶಿಕ್ಷಣದಿಂದಲೇ ಮನೋರೋಗಿಗಳನ್ನು ಗುರುತಿಸಿ ಉಪಚರಿಸಬಲ್ಲರೆಂಬುದು ಸಿದ್ಧವಾಯಿತು. 1985ರಲ್ಲಿ ಬಳ್ಳಾರಿಯಲ್ಲಿ ಆರಂಭಗೊಂಡ ಜಿಲ್ಲಾಮಟ್ಟದ ಪ್ರಯೋಗವು 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಕರ್ನಾಟಕವು ರಾಷ್ಟ್ರಕ್ಕಿತ್ತ ಆರೋಗ್ಯಚಿಂತನೆಗಳಲ್ಲಿ ಇದು ಪ್ರಾಯಶಃ ಅತ್ಯಂತ ಫಲಪ್ರದವಾದುದು. 2015–16ರಲ್ಲಿ 12 ರಾಜ್ಯಗಳಲ್ಲಿ ನಿಮ್ಹಾನ್ಸ್ ನಡೆಯಿಸಿದ ಸಮೀಕ್ಷೆಯಂತೆ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿ ಮನೋವ್ಯಾಧಿಪೀಡಿತರು. ಅವರಲ್ಲಿ ಬಹುಸಂಖ್ಯಾತರಿಗೆ ಚಿಕಿತ್ಸೆ ದೊರೆತಿರಲಿಲ್ಲ.

ವ್ಯಾಧಿಗೂ ಸಮಾಜಸ್ಥಿತಿಗೂ ಇರುವ ಸಂಬಂಧವು ಈ ಶಾಖೆಯ ಮುಖ್ಯ ವಿಷಯ. ಸೀಬರ್ಡ್ ನೌಕಾನೆಲೆಗಾಗಿ ಕೃಷಿಕರೂ ಮೀನುಗಾರರೂ ಪೂರ್ವಿಕರ ನೆಲವನ್ನು ತೊರೆಯಬೇಕಾಗಿ ಬಂದ, ಕಡಲಿನ ಅನಿಶ್ಚಿತ ಆದಾಯವನ್ನೇ ಅನೇಕ ಕುಟುಂಬಗಳು ನಂಬಿರುವ ಕಾರವಾರ, ಅಂಕೋಲಾ ತಾಲ್ಲೂಕುಗಳು ಅಂತಹ ಅಧ್ಯಯನಕ್ಕೆ ಸಹಜ ಕ್ಷೇತ್ರಗಳು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಸಂಭವಿಸಿದ ಭೂಕುಸಿತದಂತಹ ವಿಪತ್ತುಗಳು ಬದುಕುಳಿದವರಲ್ಲಿಯೂ ಬಂಧುಗಳಲ್ಲಿಯೂ ದೀರ್ಘಕಾಲದ ಆಘಾತವನ್ನುಂಟುಮಾಡಬಲ್ಲವಾದುದರಿಂದ, ಮಾನಸಿಕ ಸಾಂತ್ವನಸೇವೆಯು ಈಗ ವಿಪತ್ತು ನಿರ್ವಹಣೆಯ ಅಂಗವೆಂದು ಪರಿಗಣಿತವಾಗಿದೆ.