ವೇಷ ಹಾಕಿದ ವಿಮಾನಗಳು

ರಾಮನಗರದ ಬಂಡೆಗಳು 1975ರ ‘ಶೋಲೆ’ಯಲ್ಲಿ ರಾಮಗಢವೆಂಬ ಊರಾಗಿ ನಟಿಸಿದವು. ಯುದ್ಧಚಿತ್ರಗಳಲ್ಲಿ ವಿಮಾನಗಳದೂ ಇದೇ ಕಥೆ. 1969ರ ‘ಬ್ಯಾಟಲ್ ಆಫ್ ಬ್ರಿಟನ್’ನಲ್ಲಿ ಜರ್ಮನಿಯ ಮೆಸರ್‌ಶ್ಮಿಟ್‌ಗಳೆಂದು ಹಾರಿದವು ಸ್ಪೇನ್‌ನಲ್ಲಿ ತಯಾರಾದ ಬುಚೋನ್‌ಗಳು. ಒಳಗಿದ್ದದ್ದೋ ಬ್ರಿಟಿಷರದೇ ಮರ್ಲಿನ್ ಎಂಜಿನ್! ಮೂಗಿನ ಬದಿ ನೋಡಿ: ಹೊಗೆ ಕೊಳವೆಗಳ ಸಾಲು ಮೇಲಿದ್ದು, ಕೆಳಗೆ ಗದ್ದ ಊದಿಕೊಂಡಿದ್ದರೆ ಅದು ಬುಚೋನ್. ಅಸಲಿಯಲ್ಲಿ ಎಂಜಿನ್ ತಲೆಕೆಳಗಾಗಿ ಕೂತಿರುವುದರಿಂದ ಕೊಳವೆಗಳು ಕೆಳಗಿರುತ್ತವೆ. ಬಣ್ಣ, ಲಾಂಛನಗಳನ್ನು ನಂಬಬೇಡಿ. ಅವು ಬರೀ ಮೇಕಪ್ಪು.

1965ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ ಹೆಸರು ಮಾಡಿದ ನ್ಯಾಟ್ ವಿಮಾನವನ್ನು ಬೆಂಗಳೂರಿನ ಎಚ್‌ಎಎಲ್ ಕೂಡ ತಯಾರಿಸುತ್ತಿತ್ತು. ಅದೇ ನ್ಯಾಟ್ 1991ರ ‘ಹಾಟ್ ಶಾಟ್ಸ್!’ ಎಂಬ ಅಣಕು ಚಿತ್ರದಲ್ಲಿ ಅಮೆರಿಕದ ನೌಕಾಪಡೆಯ ವಿಮಾನವಾಯಿತು. ಅದರ ತಮ್ಮ ‘ಅಜೀತ್’ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿದೆ.