ರೋಮಿನ ನಾಣ್ಯ, ರೋಮಿನ ಸೈಕಲ್ಲು

ಚಂದ್ರವಳ್ಳಿ ಅಂದ್ರೆ ಚಿತ್ರದುರ್ಗದ ಕೋಟೆಗೆ ಆತುಕೊಂಡಿರುವ ಕಣಿವೆ. ಒಂದು ಕೆರೆ, ಸುತ್ತ ಬಂಡೆ, ಬಂಡೆಯೊಳಗೆ ಅಂಕಲಿಮಠದ ಗವಿಗಳು. ಮೇಷ್ಟ್ರುಗಳು ಮಕ್ಕಳನ್ನು ಸಾಲಾಗಿ ಕರಕೊಂಡು ಬಂದು ಮಯೂರಶರ್ಮನ ಶಾಸನ ತೋರಿಸಿ ಹೋಗ್ತಾರೆ. ಇಲ್ಲಿಯ ಮಣ್ಣು ಅಗೆದಾಗ ರೋಮಿನ ಬೆಳ್ಳಿ ನಾಣ್ಯ ಸಿಕ್ಕವು. ಅಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಕಾಲದವು. ಮೊದಲು ಮೈಸೂರಿನ ಎಂ.ಎಚ್. ಕೃಷ್ಣ ಅಗೆಸಿದರು, ಆಮೇಲೆ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದರು. ಅಗೆದವರು ಯಾರು? ಗುದ್ದಲಿ ಹಿಡಿದು, ಬುಟ್ಟಿ ಹೊತ್ತು, ಆ ನಾಣ್ಯವನ್ನ ಮೊದಲು ಬೆರಳಿಂದ ಮುಟ್ಟಿದ ಕೂಲಿಯವರ ಹೆಸರು ನಮ್ಮ ಯಾವ ಪಾಠದಲ್ಲೂ ಬರೋದಿಲ್ಲ.

ಹೊರದೇಶದ ಸಿನಿಮಾ ಬಗ್ಗೆ ಬರೆಯೋಕೆ ಕೂತಾಗ ನಮಗೆ ಈ ನಾಣ್ಯವೇ ನೆನಪಾಗುತ್ತೆ. ಹೊರದೇಶದ್ದು ನಮ್ಮೂರಿಗೆ ಬಂದಿದ್ದು ಇವತ್ತಲ್ಲ. ಬಂದಿದ್ದು ಯಾರ ಕೈಗೆ ಸೇರ್ತು ಅನ್ನೋದೇ ಪ್ರಶ್ನೆ.

ನಾವು ಸಿನಿಮಾ ಪಂಡಿತರಲ್ಲ. ಟೂರಿಂಗ್ ಟಾಕೀಸಿನ ನೆಲದ ಮೇಲೆ ಕೂತು ಸಿನಿಮಾ ಕಲಿತವರು. ಸಂಜೆ ಮೈಕಿನಲ್ಲಿ ಘಂಟಸಾಲರ ಭಕ್ತಿಗೀತೆ ಕೇಳಿಸಿತು ಅಂದ್ರೆ ಕೈಲಿದ್ದ ಕೆಲಸ ಬಿಟ್ಟು ಓಡಿದವರು. ಮರಳು ಗುಡ್ಡೆ ಮಾಡ್ಕೊಂಡು ಅದರ ಮೇಲೆ ಕೂತರೆ ಅದೇ ನಮ್ಮ ಕುರ್ಚಿ. ಊರ ಹೋಟೆಲಿನಲ್ಲಿ ನಮಗೆ ಲೋಟ ಬೇರೆ, ಬಾವಿಗೆ ಹಗ್ಗ ಬಿಡಂಗಿಲ್ಲ, ದೇವಸ್ಥಾನದ ಮೆಟ್ಟಿಲು ಹತ್ತಂಗಿಲ್ಲ. ಆದರೆ ಟೆಂಟಿನ ಕಿಂಡಿಯಲ್ಲಿ ಕೂತವನು ಜಾತಿ ಕೇಳಲಿಲ್ಲ, ದುಡ್ಡು ಕೇಳಿದ. ಒಳಗೆ ಹೋದ ಮೇಲೆ ಕೇರಿಯವರು ಕೇರಿಯವರ ಜೊತೇಲೇ ಕೂತರು, ಅದು ನಿಜ. ಆದರೂ ದೀಪ ಆರಿದ ಮೇಲೆ ಯಾರ ಮೈ ಯಾರಿಗೆ ತಾಗ್ತು ಅಂತ ನೋಡೋರು ಯಾರು! ತಮಿಳುನಾಡಿನ ಬಗ್ಗೆ ಕಾ. ಶಿವತಂಬಿಯವರು ಬರೆದಿದ್ದಾರೆ: ಎಲ್ಲ ಜಾತಿಯವರೂ ಒಂದೇ ಸೂರಿನಡಿ ಕೂತು ನೋಡಿದ ಮೊದಲ ಪ್ರದರ್ಶನದ ಜಾಗವೇ ಸಿನಿಮಾ ಕೊಟ್ಟಿಗೆ ಅಂತ. ನಮ್ಮ ಕಡೆಯ ಮಾತೂ ಅದೇ.

ಆ ಟೆಂಟಿನಲ್ಲಿ ಪರಭಾಷೆ ಅನ್ನೋದು ನಮಗೆ ಎಂದೂ ತೊಡಕಾಗಲಿಲ್ಲ. ಹಿರಿಯೂರು, ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ತೆಲುಗು ಚಿತ್ರಕ್ಕೆ ಅರ್ಥ ಹೇಳೋರು ಬೇಕಿರಲಿಲ್ಲ. ಪೇಟೆ ಟಾಕೀಸಿಗೆ ಬ್ರೂಸ್ ಲೀ ಬಂದ. ಅವನಾಡಿದ ಒಂದು ಮಾತೂ ನಮಗೆ ತಿಳೀಲಿಲ್ಲ, ಅವನ ಸಿಟ್ಟು ಪೂರ್ತಿ ತಿಳೀತು. ಇದನ್ನ ಹೇಳಿದರೆ ಚಿತ್ರಸಮಾಜದ ಗೆಳೆಯರು ನಗ್ತಾರೆ. ನಗಲಿ.

ಶ್ರೇಷ್ಠ ಅಂತ ಕರೆಸಿಕೊಂಡ ಹೊರದೇಶದ ಚಿತ್ರಗಳು ಬಂದ ದಾರಿಯೇ ಬೇರೆ. 1947ರಲ್ಲಿ ಸತ್ಯಜಿತ್ ರಾಯ್ ಮತ್ತವರ ಗೆಳೆಯರು ಕಲ್ಕತ್ತಾ ಫಿಲ್ಮ್ ಸೊಸೈಟಿ ಕಟ್ಟಿದರು. 1952ರಲ್ಲಿ ದೇಶದ ಮೊದಲ ಅಂತಾರಾಷ್ಟ್ರೀಯ ಚಿತ್ರೋತ್ಸವ ಮುಂಬಯಿಯಲ್ಲಿ ಶುರುವಾಗಿ ಬೇರೆ ದೊಡ್ಡ ಪಟ್ಟಣಗಳಿಗೆ ಹೋಯಿತು. 1959ರಲ್ಲಿ ಸೊಸೈಟಿಗಳೆಲ್ಲ ಸೇರಿ ಒಕ್ಕೂಟವಾದವು. ಬೆಂಗಳೂರಿನಲ್ಲಿ 1971ಕ್ಕೆ ‘ಸುಚಿತ್ರಾ’ ಹುಟ್ಟಿತು. ಇವಕ್ಕೆ ಟಿಕೇಟಿಲ್ಲ, ಸದಸ್ಯತ್ವ. ಕಿಂಡಿ ಮುಂದೆ ನಿಂತು ಚಿಲ್ಲರೆ ಕೊಟ್ಟು ಒಳಗೆ ಹೋಗುವ ಹಾಗಿಲ್ಲ. ಪರದೆಯ ಕೆಳಗಡೆ ಓಡುವ ಅಕ್ಷರ ಇಂಗ್ಲಿಷಿನವು. ಇಟಲಿಯ ಕೂಲಿಕಾರನ ನೋವು ದುರ್ಗದ ಕೂಲಿಕಾರನಿಗೆ ತಲುಪಬೇಕಾದರೆ ಇಂಗ್ಲಿಷಿನ ಬಾಗಿಲು ದಾಟಬೇಕು. ಆ ಬಾಗಿಲಲ್ಲಿ ಯಾರು ಕೂತಿದ್ದರು ಅನ್ನೋದನ್ನ ನಾವು ಬಿಡಿಸಿ ಹೇಳಬೇಕಾಗಿಲ್ಲ.

1973ನ್ನು ನೆನೆಸಿಕೊಳ್ಳಿ. ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದದ್ದಕ್ಕೆ ಮಂತ್ರಿ ಬಸವಲಿಂಗಪ್ಪನವರ ಮೇಲೆ ಮೇಲ್ಜಾತಿ ಹುಡುಗರು ಬೀದಿಗಿಳಿದರು, ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು, ಬಸವಲಿಂಗಪ್ಪನವರು ಕುರ್ಚಿ ಬಿಡಬೇಕಾಯ್ತು. ಅದೇ ಕಾಲದಲ್ಲಿ ಅದೇ ನಾಡಿನಲ್ಲಿ ಜಗತ್ತಿನ ನೊಂದವರ ಚಿತ್ರಗಳನ್ನು ನೋಡಿ ಕಣ್ಣೊರೆಸಿಕೊಳ್ಳುವ ಸಭೆಗಳೂ ನಡೀತಿದ್ದವು. ಎರಡೂ ಒಂದೇ ಕಾಲದ ಚರಿತ್ರೆ. ಒಂದನ್ನ ಬರೆದು ಇನ್ನೊಂದನ್ನ ಬಿಟ್ಟರೆ ಲೆಕ್ಕ ತಪ್ಪುತ್ತೆ.

ಹೆಗ್ಗೋಡಿನ ಮಾತು ಬೇರೆ ಹೇಳಬೇಕು. ಸಾಗರ ತಾಲ್ಲೂಕಿನ ಆ ಸಣ್ಣ ಊರಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ ಎಪ್ಪತ್ತರ ದಶಕದಲ್ಲೇ ಚಿತ್ರಸಮಾಜ ಮಾಡಿ, ಹಳ್ಳಿಯ ಜನರ ಮುಂದೆ ಲೋಕದ ದೊಡ್ಡ ಚಿತ್ರಗಳನ್ನ ಹಾಕಿತು. ಸಿನಿಮಾ ನೋಡೋದು ಹೇಗೆ ಅಂತ ಕನ್ನಡದಲ್ಲೇ ಮಾತಾಡುವ ಶಿಬಿರ ನಡೆಸಿತು. ‘ಹಳ್ಳಿಯವರಿಗೆ ಇವೆಲ್ಲ ಎಲ್ಲಿ ಅರ್ಥ ಆಗುತ್ತೆ’ ಅನ್ನುವ ಪಟ್ಟಣದ ಅಹಂಕಾರಕ್ಕೆ ಅಲ್ಲಿ ಪೆಟ್ಟು ಬಿತ್ತು. ಅದು ಅಡಿಕೆ ತೋಟದ ನಾಡು, ನಮ್ಮ ಬಯಲುಸೀಮೆಯ ಕೇರಿಯಲ್ಲ ಅನ್ನೋದೂ ನಮಗೆ ಗೊತ್ತು. ಗೊತ್ತಿದ್ದೂ ಋಣ ಒಪ್ಪಿಕೊಳ್ತೀವಿ.

1980ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಫಿಲ್ಮೋತ್ಸವ ಆಯ್ತು. ಇಂಥ ಉತ್ಸವಗಳಿಗೆ ನುಗ್ಗುವ ಜನರಲ್ಲಿ ಅರ್ಧ ಜನ ಕಲೆಗಾಗಿ, ಇನ್ನರ್ಧ ಸೆನ್ಸಾರ್ ಆಗದ ಚಿತ್ರದಲ್ಲಿ ಏನೋ ಇರುತ್ತೆ ಅಂತ ಬರ್ತಾರೆ ಅನ್ನುವ ತಮಾಷೆ ಇತ್ತು. ನಾವು ಯಾವ ಅರ್ಧದವರು ಅಂತ ಕೇಳಬೇಡಿ.

ಈ ಚಿತ್ರಗಳಿಂದ ನಮಗೆ ದಕ್ಕಿದ್ದೇನು? ಐಸೆನ್‌ಸ್ಟೀನ್ 1925ರಲ್ಲಿ ತೆಗೆದ ‘ಬ್ಯಾಟಲ್‌ಶಿಪ್ ಪೊಟೆಮ್ಕಿನ್’ ಮೂಕಚಿತ್ರ. ಹಡಗಿನ ಆಳುಗಳಿಗೆ ಕೊಡುವ ಮಾಂಸದಲ್ಲಿ ಹುಳ ಮಿಜಿಮಿಜಿ ಅಂತಿರುತ್ತೆ. ಡಾಕ್ಟರು ಬಂದು ಕನ್ನಡಕ ಮಡಿಸಿ, ಭೂತಗನ್ನಡಿ ಥರ ಹಿಡಿದು ನೋಡಿ, ಇವು ಹುಳವೇ ಅಲ್ಲ, ಉಪ್ಪುನೀರಲ್ಲಿ ತೊಳೆದರೆ ಸರಿಹೋಗುತ್ತೆ ಅಂತಾನೆ. ಕಣ್ಣಿಗೆ ಕಾಣುವ ಹುಳವನ್ನ ಓದಿದವನು ಇಲ್ಲ ಅಂತಾನೆ! ನಮ್ಮೂರಲ್ಲಿ ಅಸ್ಪೃಶ್ಯತೆ ಎಲ್ಲಿದೆ ತೋರಿಸಿ ಅನ್ನುವ ಯಜಮಾನರನ್ನ ಕಂಡವರಿಗೆ ಈ ಡಾಕ್ಟರು ರಷ್ಯಾದವನು ಅನ್ನಿಸೋದೇ ಇಲ್ಲ. ಕೂಲಿಯವರ ಕಣ್ಣಿಗೆ ಬೀಳಬಾರದು ಅಂತ ಬ್ರಿಟನ್ ಈ ಚಿತ್ರವನ್ನ 1954ರವರೆಗೂ ತಡೆ ಹಿಡಿದಿತ್ತು.

ಕುರೊಸಾವಾನ ‘ರಾಶೊಮಾನ್’ 1950ರದ್ದು. ಕಾಡಿನಲ್ಲಿ ಒಂದು ಸಾವು. ದರೋಡೆಕೋರ ಒಂದು ಕಥೆ ಹೇಳ್ತಾನೆ, ಹೆಂಡತಿ ಇನ್ನೊಂದು, ಸತ್ತವನ ಪ್ರೇತ ಮತ್ತೊಂದು. ಎಲ್ಲವನ್ನೂ ಕಂಡ ಸೌದೆಯವನು ನ್ಯಾಯಸ್ಥಾನದಲ್ಲಿ ಬಾಯಿ ಬಿಡೋದಿಲ್ಲ. ಪಂಡಿತರು ಇದನ್ನ ಸತ್ಯ ಅನ್ನೋದೇ ಇಲ್ಲ ಅಂತ ಓದ್ತಾರೆ. ನಾವು ಹಾಗೆ ಓದಲಿಲ್ಲ. ಬೇರೆಯವರು ಹೇಳಿದ್ದು ಮಾನ ಉಳಿಸಿಕೊಳ್ಳೋಕೆ. ಸೌದೆಯವನು ಮುಚ್ಚಿಟ್ಟದ್ದು ಒಂದು ಬಾಕುವಿನ ಆಸೆಗೆ, ಮನೆ ತುಂಬ ಮಕ್ಕಳಿರುವ ಬಡತನಕ್ಕೆ. ಸುಳ್ಳಿನಲ್ಲೂ ವರ್ಗ ಇದೆ.

ಈ ಕಣ್ಣಿಟ್ಟುಕೊಂಡು ದುರ್ಗಕ್ಕೆ ವಾಪಸ್ ಬನ್ನಿ. ಪುಟ್ಟಣ್ಣ ಕಣಗಾಲರ ‘ನಾಗರಹಾವು’ 1972ರಲ್ಲಿ ಬಂತು, ತರಾಸು ಕಾದಂಬರಿಗಳಿಂದ ಮಾಡಿದ್ದು. ಹೈದರಾಲಿಯ ಸೈನಿಕರನ್ನ ಒನಕೆಯಿಂದ ಹೊಡೆದು ಕೆಡವಿದ ಓಬವ್ವನಾಗಿ ಜಯಂತಿ ಆ ಹಾಡಿನಲ್ಲಿ ಬರ್ತಾರೆ. ನಾಡಿಗೆ ನಾಡೇ ಓಬವ್ವನನ್ನ ಕಂಡಿದ್ದು ಆ ಹಾಡಿನಿಂದ. ನಾವೂ ಶಿಳ್ಳೆ ಹಾಕಿದವರೇ. ಆದರೆ ಶಿಳ್ಳೆ ಹಾಕಿ ಹೊರಬಂದ ಎಷ್ಟು ಮಂದಿಗೆ ಓಬವ್ವ ಛಲವಾದಿಯವಳು, ಹೊಲೆಯರ ಹೆಣ್ಣುಮಗಳು ಅಂತ ತಿಳಿದಿತ್ತು? ಅವಳ ಗಂಡ ಕೋಟೆಯ ಕಾವಲಿನವನು, ಊಟದ ಹೊತ್ತಿಗೆ ಮನೆಗೆ ಬಂದಿದ್ದ, ಅವಳು ನೀರಿಗೆ ಹೋಗಿದ್ದಳು. ಇಷ್ಟು ಎಲ್ಲರಿಗೂ ಗೊತ್ತು. ಕೋಟೆಯ ಕಿಂಡಿ ಕಾದವರ ಮನೆ ಊರಿನ ಯಾವ ಕಡೆಗಿತ್ತು ಅನ್ನೋದನ್ನ ಮಾತ್ರ ಯಾರೂ ಕೇಳಲಿಲ್ಲ. ನಾಡಿನ ಹೆಮ್ಮೆಯಾಗೋಕೆ ಅವಳು ಕೇರಿ ಬಿಟ್ಟು ಬರಬೇಕಾಯ್ತು. ಸರ್ಕಾರ ಅವಳ ಜಯಂತಿ ಮಾಡೋಕೆ 2021ನೇ ಇಸವಿ ಬರಬೇಕಾಯ್ತು.

‘ಚೋಮನ ದುಡಿ’ 1975ರಲ್ಲಿ ಸ್ವರ್ಣಕಮಲ ತಂದಿತು. ಒಳ್ಳೆ ಚಿತ್ರ, ಎದೆ ಕಲಕುವ ಚಿತ್ರ. ಬರೆದವರೂ ತೆಗೆದವರೂ ಚೋಮನ ಕೇರಿಯವರಲ್ಲ. ಕ್ಯಾಮೆರಾ ಕೇರಿಯವನ ಕೈಗೇ ಬಂದರೆ ಏನಾಗುತ್ತೆ ಅಂತ ನೋಡಬೇಕಾದರೆ ನಾಗರಾಜ್ ಮಂಜುಳೆಯ ಮರಾಠಿ ‘ಫಂಡ್ರಿ’ (2013) ನೋಡಬೇಕು. ಹಂದಿ ಹಿಡಿಯುವ ಮನೆಯ ಹುಡುಗ ಕೊನೆಗೆ ಎಸೆದ ಕಲ್ಲು ಸೀದಾ ನೋಡುವವರ ಮುಖಕ್ಕೇ ಬರುತ್ತೆ. ಮರಾಠಿ ನಮಗೆ ಬರೋದಿಲ್ಲ. ಕಲ್ಲಿಗೆ ಭಾಷೆ ಬೇಕಾಗಲಿಲ್ಲ.

ಈಗ ಎಲ್ಲ ಚಿತ್ರವೂ ಮೊಬೈಲಿನಲ್ಲಿದೆ. ಸದಸ್ಯತ್ವದ ಬಾಗಿಲು ಹೋಯ್ತು, ಇಂಗ್ಲಿಷಿನ ಬಾಗಿಲು ಹಾಗೇ ಇದೆ. ಅದಕ್ಕೆ ನಾವು ಕೇರಿಯಲ್ಲಿ ಗೋಡೆಗೆ ಪಂಚೆ ಕಟ್ಟಿ ‘ಬೈಸಿಕಲ್ ಥೀವ್ಸ್’ ಹಾಕಿದಾಗ ಒಬ್ಬರು ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳ್ತಾ ಹೋದೆವು. ಡಿ ಸಿಕಾ 1948ರಲ್ಲಿ ತೆಗೆದದ್ದು. ರಾಯ್ ಇದನ್ನ ಲಂಡನ್ನಿನಲ್ಲಿ ನೋಡಿಯೇ ‘ಪಥೇರ್ ಪಾಂಚಾಲಿ’ಗೆ ಧೈರ್ಯ ಮಾಡಿದ್ದು. ನಾಯಕ ನಟನೇ ಅಲ್ಲ, ಕಾರ್ಖಾನೆಯ ಕೂಲಿಕಾರ. ಗೋಡೆಗೆ ಪೋಸ್ಟರ್ ಅಂಟಿಸುವ ಕೆಲಸ ಸಿಗುತ್ತೆ, ಸೈಕಲ್ ಬೇಕು, ಸೈಕಲ್ ಒತ್ತೆಯಲ್ಲಿದೆ. ಹೆಂಡತಿ ಹಾಸಿಗೆಯ ದುಪ್ಪಟಿಗಳನ್ನೇ ಕಿತ್ತು ಒತ್ತೆ ಇಟ್ಟು ಸೈಕಲ್ ಬಿಡಿಸ್ತಾಳೆ. ಅಂಗಡಿಯವನು ಆ ಗಂಟು ಹೊತ್ತು ಅಟ್ಟ ಹತ್ತುತ್ತಾ ಹೋಗ್ತಾನೆ. ಸೂರಿನವರೆಗೂ ಊರವರ ದುಪ್ಪಟಿಗಳೇ. ಮೊದಲ ದಿನವೇ ಸೈಕಲ್ ಕದ್ದು ಹೋಗುತ್ತೆ.

ಅಲ್ಲಿಂದ ಮುಂದೆ ಹೇಳುವ ಕೆಲಸ ನಮಗಿರಲಿಲ್ಲ, ಜನವೇ ಹೇಳ್ತಾ ಹೋದರು. ಕೊನೆಯಲ್ಲಿ ಅಪ್ಪನೇ ಇನ್ನೊಬ್ಬನ ಸೈಕಲ್ ಕದ್ದು ಸಿಕ್ಕಿಬಿದ್ದಾಗ ಯಾರೂ ಅವನನ್ನ ಕಳ್ಳ ಅನ್ನಲಿಲ್ಲ. ಮಗ ಅಪ್ಪನ ಕೈ ಹಿಡಕೊಂಡು ಜನದ ನಡುವೆ ಹೋದ, ಚಿತ್ರ ಮುಗೀತು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹಿಂದೆ ಕೂತಿದ್ದ ಮುದುಕಿಯೊಬ್ಬಳು ಕೇಳಿದಳು:

‘ಸೈಕಲ್ಲೇನೋ ಹೋಯ್ತು. ಆ ದುಪ್ಪಟಿ ಬಿಡಿಸ್ಕೊಂಡ್ರಾ?’