ಕಸುಬು ಬದಲಿಸುವ ಕೋಶಗಳು

ಕ್ಯಾನ್ಸರ್ ಎಂದೊಡನೆ ನಿಮ್ಮ ಮನಸ್ಸಿಗೆ ಬರುವುದು ಗಡ್ಡೆ. ಆದರೆ ಈ ರೋಗಕ್ಕೆ ಬಲಿಯಾಗುವವರಲ್ಲಿ ಹೆಚ್ಚಿನವರನ್ನು ಕೊಲ್ಲುವುದು ಮೊದಲು ಹುಟ್ಟಿದ ಗಡ್ಡೆಯಲ್ಲ. ಅಲ್ಲಿಂದ ಹೊರಟು ಶ್ವಾಸಕೋಶದಲ್ಲೋ ಎಲುಬಿನಲ್ಲೋ ಬೇರೂರಿದ ಅದರ ಸಂತಾನ. ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪೇಜೆಟ್ 1889ರಲ್ಲಿ, ಸ್ತನದ ಕ್ಯಾನ್ಸರಿನಿಂದ ಸತ್ತ 735 ಮಂದಿಯ ಶವಪರೀಕ್ಷೆಯ ವಿವರಗಳನ್ನು ಕಲೆಹಾಕಿ, ಬೀಜ ಎಲ್ಲೆಡೆ ಚೆಲ್ಲಿದರೂ ಒಗ್ಗುವ ನೆಲದಲ್ಲಿ ಮಾತ್ರ ಮೊಳೆಯುತ್ತದೆಂದು ವಾದಿಸಿದ. ಒಳ್ಳೆಯ ಮಾತೇ. ಆದರೆ ಬೀಜ ತೆನೆಯಿಂದ ಕಳಚಿಕೊಳ್ಳುವುದು ಹೇಗೆ?

ಕರುಳು, ಸ್ತನದ ನಾಳ ಮೊದಲಾದವುಗಳ ಒಳಹೊದಿಕೆಯ ಕೋಶಗಳು ಗಾರೆ ಹಾಕಿದ ಇಟ್ಟಿಗೆಗಳಂತೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಇಟ್ಟಿಗೆ ಎದ್ದು ನಡೆದೀತೆ?

ಈ ಪ್ರಶ್ನೆಗೆ ಸುಳಿವು ಸಿಕ್ಕಿದ್ದು ಕೋಳಿಮೊಟ್ಟೆಯಲ್ಲಿ. ಮರಿ ರೂಪುಗೊಳ್ಳುವಾಗ ಹಾಳೆಯಂತೆ ಹಬ್ಬಿದ ಕೋಶಗಳಲ್ಲಿ ಕೆಲವು ನೆರೆಯವುಗಳ ನಂಟು ಬಿಟ್ಟು ಒಳಕ್ಕೆ ತೆವಳಿ, ಸ್ನಾಯು ಎಲುಬುಗಳಿಗೆ ಮೂಲವಾಗುತ್ತವೆ. ಅಮೆರಿಕದ ಎಲಿಜಬೆತ್ ಹೇ ಎಂಬ ವಿದುಷಿ 1960ರ ದಶಕದಲ್ಲಿ ಇದನ್ನು ಪರಿಶೀಲಿಸಿ ವಿವರಿಸಿದರು. 1982ರಲ್ಲಿ ಅವರೂ ಗ್ಯಾರಿ ಗ್ರೀನ್‌ಬರ್ಗ್ ಎಂಬವರೂ ಹಕ್ಕಿಯ ಕಣ್ಣಿನ ಮಸೂರದ ಹೊದಿಕೆಯನ್ನು ಕೊಲಾಜೆನ್ ಲೋಳೆಯಲ್ಲಿ ಹುದುಗಿಸಿಟ್ಟರು. ಭ್ರೂಣದ ಮಸೂರವನ್ನಷ್ಟೇ ಅಲ್ಲ, ಬೆಳೆದ ಹಕ್ಕಿಯದನ್ನೂ. ಅಚ್ಚರಿ ನೋಡಿ: ಕೋಶಗಳು ನೀಳವಾಗಿ, ಕಳಚಿಕೊಂಡು, ಅಲೆಮಾರಿಗಳಂತೆ ಹರಿದಾಡತೊಡಗಿದವು. ಹುಟ್ಟುವಾಗ ಕಲಿತ ವಿದ್ಯೆ ಬೆಳೆದ ಮೇಲೂ ಮರೆತಿರಲಿಲ್ಲ!

ಮುಂದಿನ ಎಳೆ ಹಣ್ಣಿನ ನೊಣದ್ದು. ಕೆಟ್ಟರೆ ಭ್ರೂಣ ತಿರುಚಿಕೊಳ್ಳುವುದರಿಂದ ಅದರ ಒಂದು ಜೀನಿಗೆ 'ಟ್ವಿಸ್ಟ್' ಎಂದು ಹೆಸರಿಟ್ಟಿದ್ದರು. 2004ರಲ್ಲಿ ಅಮೆರಿಕದ ರಾಬರ್ಟ್ ವೈನ್‌ಬರ್ಗರ ಪ್ರಯೋಗಶಾಲೆಯವರು ಇಲಿಯ ಸ್ತನದ ಗಡ್ಡೆಯಲ್ಲಿ ಇದೇ ಜೀನನ್ನು ಅಡಗಿಸಿದರು. ಗಡ್ಡೆ ಎಂದಿನಂತೆ ಬೆಳೆಯಿತು. ಶ್ವಾಸಕೋಶಕ್ಕೆ ಹರಡುವುದು ಮಾತ್ರ ಬಹಳ ಕುಗ್ಗಿತು. ಬೆಳೆಯುವುದೂ ಹರಡುವುದೂ ಒಂದೇ ಕೆಲಸವಲ್ಲವೆಂದು ಇದರಿಂದ ನಿಚ್ಚಳವಾಯಿತು.

ಆದರೂ ಕೆಲವು ರೋಗಶಾಸ್ತ್ರಜ್ಞರು ಒಪ್ಪಲಿಲ್ಲ. ದೂರದಲ್ಲಿ ಬೆಳೆದ ಗಡ್ಡೆಯೂ ಸಾಮಾನ್ಯವಾಗಿ ಮೂಲದ ಹೊದಿಕೆಯಂತೆಯೇ ಕಾಣುತ್ತದಲ್ಲ, ಹಾಗಾದರೆ ಆ ಅಲೆಮಾರಿ ಎಲ್ಲಿ? ನೆಲೆ ಸಿಕ್ಕ ಮೇಲೆ ಕೋಶ ಹಳೆಯ ಕಸುಬಿಗೆ ಮರಳುತ್ತದೆಂಬುದು ಇನ್ನೊಂದು ಪಕ್ಷದ ಉತ್ತರ. ನನಗೆ ಸಂದೇಹವಾದಿಗಳ ಹಟವೇ ಹೆಚ್ಚು ಉಪಕಾರ ಮಾಡಿತೆನ್ನಿಸುತ್ತದೆ. 2015ರಲ್ಲಿ ಪ್ರಕಟವಾದ ಎರಡು ಇಲಿ ಪ್ರಯೋಗಗಳು, ಈ ಮಾರ್ಪಾಡನ್ನು ತಡೆದರೂ ಕ್ಯಾನ್ಸರ್ ಹರಡಬಲ್ಲದೆಂದು ತೋರಿಸಿದವು. ಜೊತೆಗೇ ಹೊರಬಿದ್ದ ಸಂಗತಿ ವೈದ್ಯರನ್ನು ಹೆಚ್ಚು ಕಾಡುವಂಥದು: ಮಾರ್ಪಟ್ಟ ಕೋಶಗಳು ಔಷಧಿಗೆ ಅಷ್ಟು ಸುಲಭವಾಗಿ ಸಾಯುವುದಿಲ್ಲ.